ಘಾನಾಕ್ಕೆ ಹೊರಟವರ ಆರೋಗ್ಯ ಸಿದ್ಧತೆ

ಘಾನಾಕ್ಕೆ ಹೋಗುವವರು ಮೊದಲು ಹಾಕಿಸಿಕೊಳ್ಳಬೇಕಾದದ್ದು ಹಳದಿ ಜ್ವರದ ಲಸಿಕೆ. ಎಲ್ಲ ಆಸ್ಪತ್ರೆಗಳಲ್ಲಿ ಸಿಗದ ಈ ಚುಚ್ಚುಮದ್ದನ್ನು ಸರ್ಕಾರ ಗೊತ್ತುಪಡಿಸಿದ ಕೇಂದ್ರದಲ್ಲಿ ಪಡೆದು, ಪ್ರಮಾಣಪತ್ರವನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಬೇಕು. ಲಸಿಕೆಯಾಗಿ 10 ದಿನ ಕಳೆದ ಮೇಲಷ್ಟೇ ಅದು ಊರ್ಜಿತವಾಗುವುದರಿಂದ, ಹೊರಡುವ ವಾರದಲ್ಲಿ ಓಡಾಡಿ ಪ್ರಯೋಜನವಿಲ್ಲ. ಪ್ರಮಾಣಪತ್ರವಿಲ್ಲದೆ ಮರಳಿದವರನ್ನು ಭಾರತದಲ್ಲೂ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಎರಡನೆಯದು ಮಲೇರಿಯಾ, ಇದರ ಬಗ್ಗೆ ತುಸು ಹೆಚ್ಚೇ ಹೇಳಬೇಕಾಗಿದೆ. ಮಂಗಳೂರಿನವರಿಗೆ ಈ ರೋಗ ಹೊಸದಲ್ಲ, ಆದರೆ ಮಂಗಳೂರಿನಲ್ಲಿ ಹೆಚ್ಚಾಗಿ ಕಾಣಿಸುವುದು ವೈವಾಕ್ಸ್ ಎಂಬ ಜಾತಿಯ ಮಲೇರಿಯಾ. ಘಾನಾದಲ್ಲಿರುವುದು ಬಹುಪಾಲು ಫಾಲ್ಸಿಪಾರಂ. ಕ್ಲೋರೋಕ್ವಿನ್ ಎಂಬ ಮಲೇರಿಯಾ ಔಷಧಿಗೆ ಬಗ್ಗದ, ತಡಮಾಡಿದರೆ ಮಿದುಳನ್ನೂ ಬಾಧಿಸಬಲ್ಲ ಜಾತಿ. ಆದ್ದರಿಂದ ವೈದ್ಯರನ್ನು ಕಂಡು ಮುನ್ನೆಚ್ಚರಿಕೆಯ ಮಾತ್ರೆ ಬರೆಸಿಕೊಳ್ಳಬೇಕು. ಅಟೊವಾಕ್ವೋನ್-ಪ್ರೊಗ್ವಾನಿಲ್ ಆದರೆ ಪ್ರಯಾಣಕ್ಕೆ ಒಂದೆರಡು ದಿನ ಮೊದಲು ಆರಂಭಿಸಿ, ಅಲ್ಲಿರುವಷ್ಟೂ ದಿನ ತಪ್ಪದೆ ನುಂಗಿ, ಆ ಪ್ರದೇಶ ಬಿಟ್ಟ ಮೇಲೂ 7 ದಿನ ಮುಂದುವರಿಸಬೇಕು. ಡಾಕ್ಸಿಸೈಕ್ಲಿನ್ ಆದರೆ 4 ವಾರ. ಊರು ಸೇರಿದೆವೆಂದು ಮಾತ್ರೆ ನಿಲ್ಲಿಸುವುದೇ ಬಹಳ ಜನ ಮಾಡುವ ತಪ್ಪು. ಮಾತ್ರೆ ಇದೆಯೆಂದು ಸೊಳ್ಳೆಪರದೆ ಬಿಡುವಂತಿಲ್ಲ. ಮುಸ್ಸಂಜೆಯಿಂದ ಬೆಳಗಿನವರೆಗೆ ತುಂಬುತೋಳಿನ ಬಟ್ಟೆ ಧರಿಸಿ, ತೆರೆದ ಚರ್ಮಕ್ಕೆ ಸೊಳ್ಳೆ ನಿವಾರಕ ಹಚ್ಚಿಕೊಳ್ಳಬೇಕು.

ಒಣಹವೆಯ ತಿಂಗಳುಗಳಲ್ಲಿ ಉತ್ತರದ ತಮಾಲೆಯ ಕಡೆಗೆ ಹೋಗುವುದಿದ್ದರೆ ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ) ಲಸಿಕೆಯ ಬಗ್ಗೆಯೂ ವೈದ್ಯರನ್ನು ಕೇಳಿ.

ಅಲ್ಲಿಗೆ ತಲುಪಿದ ಮೇಲೆ ಮೊಹರು ಒಡೆಯದ ಬಾಟಲಿಯ ನೀರನ್ನೇ ಕುಡಿಯಿರಿ, ಐಸ್ ಬೇಡ. ಅಕೊಸೊಂಬೊ ಅಣೆಕಟ್ಟಿನಿಂದಾದ ವೋಲ್ಟಾ ಸರೋವರ ನೋಡಲು ಚೆಂದವೇ, ಇಳಿಯಲು ಅಲ್ಲ. ಸಿಹಿನೀರಿನ ಬಸವನಹುಳುಗಳಿಂದ ಹೊರಬರುವ ಪರೋಪಜೀವಿಗಳು ಅಖಂಡ ಚರ್ಮವನ್ನೂ ಭೇದಿಸಿ ಒಳಸೇರಿ ಸಿಸ್ಟೋಸೋಮಿಯಾಸಿಸ್ ಎಂಬ ಕಾಯಿಲೆ ತರುತ್ತವೆ.

ರಸ್ತೆಯ ವಿಷಯವನ್ನು ನಮ್ಮವರು ಮರೆಯುವುದುಂಟು. ಘಾನಾದಲ್ಲಿ 1974ರಿಂದ ವಾಹನಗಳು ಬಲಬದಿಯಲ್ಲಿ ಸಾಗುತ್ತವೆ. ರಸ್ತೆ ದಾಟುವಾಗ ಮೊದಲು ಬಲಕ್ಕೆ ನೋಡುವ ನಮ್ಮ ಅಭ್ಯಾಸ ಅಲ್ಲಿ ಅಪಾಯ ತರುತ್ತದೆ. ಟ್ರೋಟ್ರೋ ಎಂಬ ಮಿನಿಬಸ್ಸುಗಳಲ್ಲಿ ಹಗಲಿನಲ್ಲಿ ಊರೊಳಗೆ ಓಡಾಡಬಹುದಾದರೂ, ರಾತ್ರಿಯ ದೂರ ಪ್ರಯಾಣವನ್ನು ಖಂಡಿತ ಕೈಬಿಡಬೇಕು. ತುರ್ತು ಸಹಾಯದ ಸಂಖ್ಯೆ ಅಲ್ಲಿಯೂ 112.

ಮರಳಿದ ಮೇಲೆ, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ, ಜ್ವರ ಬಂದರೆ ವೈರಲ್ ಇರಬಹುದೆಂದು ಪ್ಯಾರಸಿಟಮಾಲ್ ನುಂಗಿ ಕಾಯದೆ, ಅಂದೇ ವೈದ್ಯರಲ್ಲಿಗೆ ಹೋಗಿ ಘಾನಾದಿಂದ ಬಂದದ್ದನ್ನು ಮೊದಲು ತಿಳಿಸಿ, ಮಲೇರಿಯಾ ರಕ್ತಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ.