ಪೆಲೆಟ್ ಸ್ಟವ್: ಚೀಲದ ರೇಟು ಬೇರೆ, ಚಳಿಗಾಲದ ಖರ್ಚು ಬೇರೆ

ನಾವಿರುವುದು ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನಲ್ಲಿ, ಮ್ಯಾಸಚೂಸೆಟ್ಸ್ ಗಡಿಗೆ ಹತ್ತಿರ. ಅಕ್ಟೋಬರ್ ಕೊನೆಯಿಂದ ಏಪ್ರಿಲ್‌ವರೆಗೆ ಮನೆ ಬಿಸಿ ಮಾಡದೆ ಇಲ್ಲಿ ಬದುಕೋಕಾಗಲ್ಲ. ಜನವರಿಯಲ್ಲಿ ಕೆಲವು ರಾತ್ರಿ ಮೈನಸ್ 20 ಡಿಗ್ರಿ ಮುಟ್ಟುವುದೂ ಉಂಟು. ನಮ್ಮ ರಸ್ತೆಗೆ ಗ್ಯಾಸ್ ಪೈಪ್‌ಲೈನ್ ಬಂದಿಲ್ಲ. ಬೇಸ್‌ಮೆಂಟ್‌ನಲ್ಲಿ 275 ಗ್ಯಾಲನ್ (ಒಂದು ಗ್ಯಾಲನ್ ಅಂದರೆ ಸುಮಾರು 3.8 ಲೀಟರ್) ಹಿಡಿಯುವ ಎಣ್ಣೆ ಟ್ಯಾಂಕು, ಅದರ ಪಕ್ಕ ಆ ಎಣ್ಣೆ ಸುಟ್ಟು ನೀರು ಕಾಯಿಸಿ ಪೈಪುಗಳಲ್ಲಿ ಕೋಣೆ ಕೋಣೆಗೂ ಹರಿಸುವ ಬಾಯ್ಲರು. ಲಾರಿಯವನು ಬಂದು ಹೀಟಿಂಗ್ ಆಯಿಲ್ ತುಂಬಿಸಿ, ಬಾಗಿಲಿಗೆ ಬಿಲ್ಲು ಸಿಕ್ಕಿಸಿ ಹೋಗುತ್ತಾನೆ. 2022ರಲ್ಲಿ ಆ ಎಣ್ಣೆ ಗ್ಯಾಲನ್ನಿಗೆ 5 ಡಾಲರ್ ದಾಟಿತು. ಮುಂದಿನ ವರ್ಷ ನಾವು ಪೆಲೆಟ್ ಸ್ಟವ್ ಹಾಕಿಸಿದೆವು.

ಅಂದಿನಿಂದ ಪರಿಚಯದವರು ಕೇಳುವುದು ಒಂದೇ: "ಎಷ್ಟು ಉಳಿಯತ್ತೆ?" ಅದಕ್ಕೆ ಒಂದು ಮಾತಲ್ಲಿ ಉತ್ತರ ಹೇಳೋಕಾಗಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಪೆಲೆಟ್ ಅಂದರೆ ಮರದ ಹೊಟ್ಟನ್ನು ಒತ್ತಿ ಮಾಡಿದ ಸಣ್ಣ ಕಡ್ಡಿ. ಆರು ಮಿಲಿಮೀಟರ್ ದಪ್ಪ, ಬೆರಳ ಗೆಣ್ಣಿನಷ್ಟು ಉದ್ದ. ತೀರ್ಥಹಳ್ಳಿಯಿಂದ ಬಂದಿದ್ದ ಅಮ್ಮ ಚೀಲ ಬಿಚ್ಚಿ ನೋಡಿ, "ಎಂತದೋ ಇದು, ದನಕ್ಕೆ ಹಾಕೋ ಫೀಡ್ ಇದ್ದಂಗೆ ಇದೆಯಲ್ಲ" ಅಂದಿದ್ದರು. ನಿಜ, ಹಾಗೇ ಕಾಣುತ್ತದೆ. ಒಂದು ಚೀಲ 40 ಪೌಂಡ್, ಅಂದರೆ 18 ಕೆಜಿ. ಐವತ್ತು ಚೀಲ ಸೇರಿದರೆ ಒಂದು ಅಮೆರಿಕನ್ ಟನ್. ಸ್ಟವ್‌ನ ಹಾಪರ್‌ಗೆ, ಅಂದರೆ ಪೆಲೆಟ್ ತುಂಬಿಸುವ ಡಬ್ಬಕ್ಕೆ ಚೀಲ ಸುರಿದರೆ ಸಾಕು, ಒಳಗೆ ತಿರುಗುವ ಸ್ಕ್ರೂ ಅದನ್ನು ಸ್ವಲ್ಪ ಸ್ವಲ್ಪವೇ ಬೆಂಕಿಯ ಬಟ್ಟಲಿಗೆ ತಳ್ಳುತ್ತದೆ. ಸೌದೆ ಒಲೆಯ ಹಾಗೆ ಮುಂದೆ ಕೂತು ಕಾಯಬೇಕಿಲ್ಲ.

ಈಗ ಲೆಕ್ಕ. ಒಂದು ಟನ್ ಪೆಲೆಟ್‌ನಲ್ಲಿ ಇರುವ ಶಾಖ ಸುಮಾರು 120 ಗ್ಯಾಲನ್ ಎಣ್ಣೆಯಷ್ಟು. ಆದರೆ ಹುಟ್ಟಿದ ಶಾಖವೆಲ್ಲ ಮನೆಯೊಳಗೆ ಉಳಿಯಲ್ಲ, ಒಂದಷ್ಟು ಹೊಗೆ ಕೊಳವೆಯಲ್ಲಿ ಹೋಗುತ್ತದೆ. ನಮ್ಮ ಸ್ಟವ್‌ನ ದಕ್ಷತೆ ಶೇ 78ರ ಹತ್ತಿರ, ಬಾಯ್ಲರಿನದು ಶೇ 85. ಇದನ್ನು ಕಳೆದರೆ ಒಂದು ಟನ್ ಪೆಲೆಟ್ 110 ಗ್ಯಾಲನ್ ಎಣ್ಣೆಗೆ ಸಮ. ಹಾಗಾಗಿ ನಾನು ಪ್ರತಿ ಬೇಸಿಗೆಯಲ್ಲಿ ಮಾಡುವುದು ಇಷ್ಟೇ: ಟನ್ನಿನ ರೇಟನ್ನು 110ರಿಂದ ಭಾಗಿಸುತ್ತೇನೆ. ಟನ್ 330 ಡಾಲರ್ ಇದ್ದರೆ 3 ಡಾಲರ್ ಬಂತು. ಎಣ್ಣೆ ಅದಕ್ಕಿಂತ ಜಾಸ್ತಿ ಇದ್ದರೆ ಪೆಲೆಟ್ ಲಾಭ, ಕಮ್ಮಿ ಇದ್ದರೆ ಪೆಲೆಟ್ ಸುಡುವುದು ಬರೀ ಬೆಂಕಿ ನೋಡುವ ಖುಷಿಗೆ. ನಿಮ್ಮ ಬಾಯ್ಲರು ಹಳೆಯದಾಗಿದ್ದರೆ ಈ 110 ಇನ್ನಷ್ಟು ಮೇಲೆ ಹೋಗುತ್ತದೆ, ಸ್ಟವ್ ಅಗ್ಗದ್ದಾಗಿದ್ದರೆ ಕೆಳಗೆ.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. ಸ್ವಾರಸ್ಯ ಇರುವುದು ಮುಂದೆ. ಮೊದಲು ನಮ್ಮ ಮನೆಗೆ ವರ್ಷಕ್ಕೆ ಸುಮಾರು 800 ಗ್ಯಾಲನ್ ಎಣ್ಣೆ ಬೇಕಾಗುತ್ತಿತ್ತು, ಸ್ನಾನದ ಬಿಸಿನೀರೂ ಸೇರಿ. ಸ್ಟವ್ ಬಂದ ಮೇಲೆ ಅದು 350ಕ್ಕೆ ಇಳಿಯಿತು. ಅಂದರೆ 450 ಗ್ಯಾಲನ್ ಕಮ್ಮಿ. ಸುಟ್ಟ ಪೆಲೆಟ್ ಮೂರು ಟನ್. ಮೂರು ಟನ್ ಅಂದರೆ 330 ಗ್ಯಾಲನ್ನಿಗೆ ಸಮ ಅಲ್ವಾ? ಮಿಕ್ಕ 120 ಗ್ಯಾಲನ್ ಎಲ್ಲಿ ಹೋಯಿತು?

ಎಲ್ಲೂ ಹೋಗಿಲ್ಲ, ಸುಡಲೇ ಇಲ್ಲ. ಸ್ಟವ್ ಇರುವುದು ಹಾಲ್‌ನಲ್ಲಿ. ಹಾಲು, ಅಡುಗೆಮನೆ, ಊಟದ ಜಾಗ ಬೆಚ್ಚಗಿರುತ್ತವೆ. ಮಲಗುವ ಕೋಣೆಗಳು 16 ಡಿಗ್ರಿಯಲ್ಲೇ ಇರುತ್ತವೆ, ರಾತ್ರಿ ದಪ್ಪ ರಜಾಯಿ. ಮೊದಲು ಬಾಯ್ಲರು ಯಾರೂ ಕಾಲಿಡದ ಅತಿಥಿ ಕೋಣೆಯನ್ನೂ 20 ಡಿಗ್ರಿಗೆ ತರುತ್ತಿತ್ತು. ಉಳಿತಾಯದ ದೊಡ್ಡ ಪಾಲು ಇಂಧನ ಬದಲಾಯಿಸಿದ್ದರಿಂದ ಬಂದಿಲ್ಲ, ಇಡೀ ಮನೆ ಕಾಯಿಸುವುದನ್ನು ಬಿಟ್ಟಿದ್ದರಿಂದ ಬಂದಿದೆ. ಅಂಗಡಿಯಲ್ಲಿ "ಒಂದೇ ಸ್ಟವ್‌ನಲ್ಲಿ ಪೂರ್ತಿ ಮನೆ ಬೆಚ್ಚಗಾಗತ್ತೆ" ಅಂತ ಹೇಳಿದ್ದರು. ಗೋಡೆ, ಬಾಗಿಲು ಕಮ್ಮಿ ಇರುವ ಮನೆಯಲ್ಲಿ ಆಗಬಹುದೇನೋ. ಕೋಣೆ ಕೋಣೆಯಾಗಿ ಕಟ್ಟಿದ ಮನೆಯಲ್ಲಿ ಆಗಲ್ಲ.

ದುಡ್ಡಿಗೆ ಬರೋಣ. ಎಣ್ಣೆ 3.60 ಇದ್ದ ಒಂದು ಚಳಿಗಾಲದ ಲೆಕ್ಕ ಹೇಳುತ್ತೇನೆ. 450 ಗ್ಯಾಲನ್ನಿಗೆ 1,620 ಡಾಲರ್ ಉಳಿಯಿತು. ಪೆಲೆಟ್‌ಗೆ 990 ಹೋಯಿತು. ಕರೆಂಟನ್ನು ಬಹಳ ಜನ ಮರೆಯುತ್ತಾರೆ. ಎರಡು ಫ್ಯಾನು, ಸ್ಕ್ರೂ ತಿರುಗಿಸುವ ಮೋಟರು ಸೇರಿ 100 ವ್ಯಾಟ್ ಚಿಲ್ಲರೆ ಎಳೆಯುತ್ತವೆ. ಹೊತ್ತಿಸುವ ಇಗ್ನೈಟರ್ ಕೆಲವು ನಿಮಿಷ 300 ವ್ಯಾಟ್‌ಗೂ ಮೇಲೆ ಹೋಗುತ್ತದೆ. ಸೀಸನ್ನಿಗೆ ಎಪ್ಪತ್ತು ಡಾಲರ್ ಅಂದುಕೊಳ್ಳಿ. ಕೈಯಲ್ಲಿ ಉಳಿದದ್ದು 560. ವರ್ಷಕ್ಕೊಮ್ಮೆ ಕ್ಲೀನ್ ಮಾಡಲು ಆಳು ಕರೆಸಿದರೆ ಅದರಲ್ಲಿ 200 ಕಳೆಯಿರಿ. ನಾನು ಕರೆಸಲ್ಲ. ಸ್ಟವ್, ಕೊಳವೆ, ಕೂಲಿ ಎಲ್ಲ ಸೇರಿ 5,000 ಆಗಿತ್ತು. ಆಗ ಶೇ 75ಕ್ಕಿಂತ ಕಮ್ಮಿಯಿಲ್ಲದ ದಕ್ಷತೆಯ ಸ್ಟವ್‌ಗೆ ಕೇಂದ್ರ ಸರ್ಕಾರದ ತೆರಿಗೆಯಲ್ಲಿ ಶೇ 30, ಗರಿಷ್ಠ 2,000 ಡಾಲರ್ ರಿಯಾಯಿತಿ ಇತ್ತು. ನಮಗೆ 1,500 ಸಿಕ್ಕಿತು. 2025ರ ಕೊನೆಗೆ ಆ ಸೌಲಭ್ಯ ನಿಂತಿದೆ. ಈಗ ಹಾಕಿಸುವವರು ಪೂರ್ತಿ ದುಡ್ಡು ಇಟ್ಟುಕೊಂಡೇ ಲೆಕ್ಕ ಹಾಕಬೇಕು.

ಕ್ಲೀನಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಖರ್ಚು ಏರುವುದು ಇಲ್ಲಿಂದಲೇ. ದಿನಾ ಬೆಳಗ್ಗೆ ಸ್ಟವ್ ಆರಿಸಿ, ತಣ್ಣಗಾದ ಮೇಲೆ ಬೆಂಕಿಯ ಬಟ್ಟಲು ಕೆರೆಯುತ್ತೇನೆ. ಬೂದಿ ಕರಗಿ ಗಟ್ಟಿಯಾದ ಕರಿ ಹೆಂಟೆ ಅದರ ತಳದಲ್ಲಿ ಕೂತಿರುತ್ತದೆ. ಅದು ಗಾಳಿಯ ತೂತುಗಳನ್ನು ಮುಚ್ಚಿದರೆ ಜ್ವಾಲೆ ಸೋಮಾರಿಯಾಗುತ್ತದೆ. ಕಿತ್ತಳೆ ಬಣ್ಣದ ಉದ್ದ ಜ್ವಾಲೆ, ತುದಿಯಲ್ಲಿ ಕರಿ ಹೊಗೆ, ಗಾಜಿನ ಮೇಲೆ ಮಸಿ. ಇಷ್ಟು ಕಂಡರೆ ಪೆಲೆಟ್ ಸುಮ್ನೆ ಪೋಲಾಗುತ್ತಿದೆ ಅಂತಲೇ ಅರ್ಥ. ಚೆನ್ನಾಗಿ ಉರಿಯುವಾಗ ಜ್ವಾಲೆ ಗಿಡ್ಡ, ಚುರುಕು, ಹಳದಿ ಬಿಳುಪು. ವಾರಕ್ಕೊಮ್ಮೆ ಬೂದಿ ತೆಗೆದು, ಮುಚ್ಚಳ ಇರುವ ಕಬ್ಬಿಣದ ಬಕೆಟ್‌ನಲ್ಲಿ ಹೊರಗಿಡಬೇಕು. ಕೆಂಡ ಒಳಗೊಳಗೇ ಬಹಳ ಹೊತ್ತು ಇರುತ್ತದೆ. ಒಳ್ಳೇ ಪೆಲೆಟ್ ಆದರೆ ಟನ್ನಿಗೆ 9 ಕೆಜಿಗಿಂತ ಕಮ್ಮಿ ಬೂದಿ. ಅಮ್ಮ ಇದ್ದಷ್ಟು ದಿನ ಅದರಲ್ಲಿ ಹಿತ್ತಾಳೆ ಪಾತ್ರೆ ಬೆಳಗಿದರು. ಚೀಲದ ಹಿಂದೆ "ಪ್ರೀಮಿಯಂ" ಅಂತ ಇದ್ದರೆ ಬೂದಿ ಶೇ 1ರೊಳಗೆ ಅಂತ ಲೆಕ್ಕ. ಮೆತ್ತನೆ ಮರದ್ದು ಸ್ವಲ್ಪ ಜಾಸ್ತಿ ಶಾಖ, ಕಮ್ಮಿ ಬೂದಿ. ಗಟ್ಟಿ ಮರದ್ದೇ ಮೇಲು ಅನ್ನುವ ನಂಬಿಕೆ ಸೌದೆ ಕಾಲದ್ದು.

ಪೆಲೆಟ್ ಕೊಳ್ಳಲು ಮೇ, ಜೂನ್ ಒಳ್ಳೇ ಸಮಯ. ಜನವರಿಯಲ್ಲಿ ಅಂಗಡಿಗೆ ಹೋದರೆ ಅವರು ಹೇಳಿದ ಬ್ರ್ಯಾಂಡು, ಅವರು ಹೇಳಿದ ರೇಟು. ಆದರೆ ಮೊದಲೇ ಕೊಂಡರೆ ಇಡಲು ಒಣ ಜಾಗ ಬೇಕು. ನೀರು ಬಿದ್ದರೆ ಪೆಲೆಟ್ ಉಬ್ಬಿ ಮತ್ತೆ ಹೊಟ್ಟಾಗುತ್ತದೆ, ಆ ಚೀಲ ಬಿಸಾಡಬೇಕು ಅಷ್ಟೆ. ನಮ್ಮ ಗ್ಯಾರೇಜಿನ ಒಂದು ಭಾಗ ಇದಕ್ಕೇ ಮೀಸಲು, ಒಂದು ಕಾರು ಹೊರಗೆ ಹಿಮದಲ್ಲಿ ನಿಲ್ಲುತ್ತದೆ. ಇದೂ ಖರ್ಚೇ, ಬಿಲ್ಲಿನಲ್ಲಿ ಬರಲ್ಲ ಅಷ್ಟೆ.

ಇನ್ನೊಂದು ಎಚ್ಚರಿಕೆ. ಬಾಯ್ಲರಿನ ಥರ್ಮೋಸ್ಟಾಟ್ (ಕೋಣೆಯ ಬಿಸಿ ನೋಡಿ ಬಾಯ್ಲರನ್ನು ಹಚ್ಚಿ ಆರಿಸುವ ಸ್ವಿಚ್ಚು) ಸ್ಟವ್ ಇರುವ ಕೋಣೆಯಲ್ಲೇ ಇದ್ದರೆ, ಮನೆ ಬೆಚ್ಚಗಿದೆ ಅಂದುಕೊಂಡು ಬಾಯ್ಲರು ಏಳುವುದೇ ಇಲ್ಲ. ಆಗ ಹೊರಗೋಡೆಗೆ ಅಂಟಿಕೊಂಡ ಪೈಪಿನಲ್ಲಿ ನೀರು ಹೆಪ್ಪುಗಟ್ಟಿ ಪೈಪು ಒಡೆಯಬಹುದು. ಕಡು ಚಳಿಯಲ್ಲಿ ನಾವು ದಿನಕ್ಕೆ ಕೆಲವು ಸಲ ಬಾಯ್ಲರನ್ನು ಬೇಕೆಂದೇ ಓಡಿಸುತ್ತೇವೆ. ಆ ಎಣ್ಣೆಯೂ ಮೇಲಿನ 350 ಗ್ಯಾಲನ್ನಿನಲ್ಲೇ ಇದೆ.

ಕರೆಂಟು ಹೋದರೆ ಸ್ಟವ್ ನಿಲ್ಲುತ್ತದೆ. 2008ರ ಡಿಸೆಂಬರಿನ ಐಸ್ ಸ್ಟಾರ್ಮ್‌ನಲ್ಲಿ (ಬಿದ್ದ ಮಳೆ ಮರ, ತಂತಿಗಳ ಮೇಲೆ ಹೆಪ್ಪುಗಟ್ಟುವ ಬಿರುಗಾಳಿ) ಈ ರಾಜ್ಯದ ಎಷ್ಟೋ ಮನೆಗಳು ವಾರಕ್ಕೂ ಹೆಚ್ಚು ಕಾಲ ಕತ್ತಲಲ್ಲಿದ್ದವು. ಊರಿನಲ್ಲಿ ಯುಪಿಎಸ್ ಇಟ್ಟುಕೊಂಡ ಅಭ್ಯಾಸ ಇರುವ ನಮಗೆ ಬ್ಯಾಟರಿ ಕೊಳ್ಳುವುದು ಹೊಸದಲ್ಲ. ಒಂದು ಕಿಲೋವ್ಯಾಟ್ ಅವರ್‌ನ ಬ್ಯಾಟರಿ ಸ್ಟವ್ ಅನ್ನು ಏಳೆಂಟು ಗಂಟೆ ಓಡಿಸುತ್ತದೆ. ರಾತ್ರಿ ಕಳೆಯಲು ಸಾಕು, ವಾರ ಕಳೆಯಲು ಸಾಲದು. ಅದಕ್ಕೆ ಪಕ್ಕದ ಮನೆಯವರು ಇವತ್ತಿಗೂ ಸೌದೆ ಒಲೆ ಬಿಟ್ಟಿಲ್ಲ.

ಎಣ್ಣೆ 3 ಡಾಲರಿಗಿಂತ ಕೆಳಗಿಳಿದರೂ ನಾವು ಪೆಲೆಟ್ ಪೂರ್ತಿ ಬಿಡುವುದಿಲ್ಲ. ಸಂಜೆ ಐದರಿಂದ ಹತ್ತರವರೆಗೆ, ಎಲ್ಲರೂ ಹಾಲ್‌ನಲ್ಲೇ ಇರುವ ಹೊತ್ತಿಗೆ ಮಾತ್ರ ಹೊತ್ತಿಸಿ, ಉಳಿದ ಹೊತ್ತು ಥರ್ಮೋಸ್ಟಾಟ್ ತಗ್ಗಿಸಿಡುತ್ತೇವೆ. ಹಾಗೆ ಮಾಡಿದರೆ ಮೂರು ಟನ್ ಬೇಕಾಗಲ್ಲ, ಎರಡು ಸಾಕು.