ಟೋಟಲ್ 188 ಅಂತ ಕಾಗದ ಮಡಚಿಡಬೇಡಿ: ಲಿಪಿಡ್ ರಿಪೋರ್ಟ್ ಓದುವ ಬಗೆ

ದಾವಣಗೆರೆಯಲ್ಲಿ 26 ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ಈಗ ಮನೆಯಲ್ಲಿದ್ದರೂ ಬೀದಿಯವರು ಬಿಟ್ಟಿಲ್ಲ, ರಿಪೋರ್ಟ್ ಹಿಡಿದು ಗೇಟಿನ ಹತ್ತಿರ ಬರುತ್ತಾರೆ. ಹೋದ ವಾರ ಎದುರುಮನೆ ಹುಡುಗ ಬಂದ. ಹುಡುಗ ಅಂದರೆ 38 ವರ್ಷ, ಅಕ್ಕಿ ವ್ಯಾಪಾರ. "ಆಂಟಿ, ಕೊಲೆಸ್ಟ್ರಾಲ್ 188. ಇನ್ನೂರರ ಒಳಗೇ ಇದೆ, ತೊಂದರೆ ಇಲ್ಲ ಅಲ್ವಾ?"

ಎಲ್ಲರೂ ಮೊದಲ ಸಾಲಿಗೇ ನಿಲ್ಲುತ್ತಾರೆ. ಕೆಳಗೆ ನೋಡಿದರೆ ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 32, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) 230, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 110. ನೀವೂ ನಿಮ್ಮ ರಿಪೋರ್ಟ್ ತನ್ನಿ, ಜೊತೆಗೊಂದು ಪೆನ್ನು.

ಮೊದಲು ಟೋಟಲ್‌ನಿಂದ ಎಚ್‌ಡಿಎಲ್ ಕಳೆಯಿರಿ. ಅವನದು 156 ಬಂತು. ಇದು ನಾನ್-ಎಚ್‌ಡಿಎಲ್. ಹೃದಯದ ರಕ್ತನಾಳದ ಗೋಡೆಯೊಳಗೆ ಸೇರಿಕೊಳ್ಳುವ ಕೊಲೆಸ್ಟ್ರಾಲ್ ಎಲ್ಲ ಈ ಲೆಕ್ಕದಲ್ಲಿದೆ. 130ರ ಒಳಗಿರಬೇಕು. ಎಚ್‌ಡಿಎಲ್ ಗಂಡಸರಿಗೆ 40, ಹೆಂಗಸರಿಗೆ 50ಕ್ಕಿಂತ ಮೇಲಿದ್ದರೆ ಒಳ್ಳೆಯದು. ಟ್ರೈಗ್ಲಿಸರೈಡ್ 150ರ ಒಳಗೆ. ಎಚ್‌ಡಿಎಲ್ ಕಡಿಮೆ, ಟ್ರೈಗ್ಲಿಸರೈಡ್ ಜಾಸ್ತಿ: ನಮ್ಮ ದೇಶದವರಲ್ಲಿ ಈ ಜೋಡಿ ತುಂಬಾ ಕಾಣುತ್ತದೆ. ಟೋಟಲ್ ಮಾತ್ರ ಸಭ್ಯವಾಗಿ ಕೂತಿರುತ್ತದೆ.

ಎಲ್‌ಡಿಎಲ್ ವಿಷಯದಲ್ಲಿ ಬಲಬದಿಗೆ ಅಚ್ಚಾದ 'ನಾರ್ಮಲ್' ಎಲ್ಲರಿಗೂ ಒಂದೇ ಅಲ್ಲ. ಆರೋಗ್ಯವಾಗಿದ್ದವರಿಗೆ 100ರ ಒಳಗೆ. ಶುಗರ್ ಇದ್ದವರಿಗೆ ಸಾಮಾನ್ಯವಾಗಿ 70ರ ಒಳಗೆ. ಹಾರ್ಟ್ ಅಟ್ಯಾಕ್ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಈಗ 55ಕ್ಕಿಂತ ಕೆಳಗೆ ತರಲು ನೋಡುತ್ತಾರೆ. 190 ದಾಟಿದ್ದರೆ ವಂಶದಿಂದ ಬಂದದ್ದಿರಬಹುದು, ಒಡಹುಟ್ಟಿದವರಿಗೂ ಮಕ್ಕಳಿಗೂ ಟೆಸ್ಟ್ ಮಾಡಿಸಿ.

ಎಷ್ಟೋ ಲ್ಯಾಬ್‌ಗಳಲ್ಲಿ ಎಲ್‌ಡಿಎಲ್ ಅಳೆಯುವುದಿಲ್ಲ, ಲೆಕ್ಕ ಹಾಕುತ್ತಾರೆ. ಟೋಟಲ್‌ನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯುವುದು. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಂಬುವಂತಿಲ್ಲ. ಆಗ ಹತ್ತು-ಹನ್ನೆರಡು ಗಂಟೆ ಉಪವಾಸವಿದ್ದು ಮತ್ತೆ ಕೊಡಿ. ಮದುವೆಯೂಟದ ಮರುದಿನವಂತೂ ಬೇಡ. ಟ್ರೈಗ್ಲಿಸರೈಡ್ ವಿಪರೀತ ಏರಿದವರ ರಕ್ತ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಮೇಲೆ ನಿಲ್ಲುವ ದ್ರವ (ಸೀರಂ) ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಿರುತ್ತದೆ. ಎಲ್‌ಡಿಎಲ್ ಒಂದೇ ಜಾಸ್ತಿಯಾದವರದು ತಿಳಿಯಾಗೇ ಇರುತ್ತದೆ. ಟ್ಯೂಬ್ ನೋಡಿ ಏನೂ ಗೊತ್ತಾಗುವುದಿಲ್ಲ, ಆ ಮನುಷ್ಯನಿಗೂ ಏನೂ ಗೊತ್ತಾಗುವುದಿಲ್ಲ.

ಊಟಕ್ಕೆ ಬರೋಣ. ಟ್ರೈಗ್ಲಿಸರೈಡ್ ಏರಿಸುವುದು ಜಾಸ್ತಿ ಅನ್ನ, ಸಿಹಿ, ಕೂಲ್ ಡ್ರಿಂಕ್ಸ್, ಮದ್ಯ. ಎಲ್‌ಡಿಎಲ್‌ಗೆ ಬೆಣ್ಣೆ, ತುಪ್ಪ, ತೆಂಗಿನೆಣ್ಣೆ, ಪಾಮ್ ಎಣ್ಣೆ, ಬೇಕರಿ ತಿಂಡಿ. ಬೆಣ್ಣೆ ದೋಸೆ ಬಿಡಿ ಅನ್ನಲು ಈ ಊರಿನವಳಾದ ನನಗೂ ಬಾಯಿ ಬರುವುದಿಲ್ಲ, ತಿಂಗಳಿಗೊಮ್ಮೆ ಇರಲಿ. ಎಣ್ಣೆ ಪ್ಯಾಕೆಟ್ ಮೇಲೆ 'ಕೊಲೆಸ್ಟ್ರಾಲ್ ಫ್ರೀ' ಅಂತಿದ್ದರೆ ಸುಮ್ನೆ ನಕ್ಕುಬಿಡಿ. ಗಿಡದಿಂದ ಬಂದ ಎಣ್ಣೆಯಲ್ಲಿ ಅದು ಇರುವುದೇ ಇಲ್ಲ ಅನ್ನಬಹುದು. ಥೈರಾಯ್ಡ್ ಕಡಿಮೆಯಾದರೂ ಎಲ್‌ಡಿಎಲ್ ಏರುತ್ತದೆ, ಅದನ್ನೂ ಒಮ್ಮೆ ನೋಡಿಸಿ.

ಮಾತ್ರೆ ವಿಷಯಕ್ಕೆ ನಮ್ಮನೆಯವರದೇ ಕಥೆ ಸಾಕು. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಶುರುವಾಗಿ ಎರಡು ತಿಂಗಳಿಗೆ ಎಲ್‌ಡಿಎಲ್ 78ಕ್ಕೆ ಇಳಿಯಿತು. "ನಾರ್ಮಲ್ ಬಂತಲ್ಲ, ಇನ್ಯಾಕೆ?" ಅಂತ ನನಗೂ ಹೇಳದೆ ನಿಲ್ಲಿಸಿದರು. ಮೂರು ತಿಂಗಳಿಗೆ 162. ಲಿವರ್ ಕೊಲೆಸ್ಟ್ರಾಲ್ ತಯಾರಿಸುವುದನ್ನು ಆ ಮಾತ್ರೆ ತಗ್ಗಿಸುತ್ತದೆ. ಬಿಟ್ಟರೆ ಲಿವರ್ ಮತ್ತೆ ತನ್ನ ಕೆಲಸಕ್ಕೆ ಹತ್ತುತ್ತದೆ. ಮೈಕೈ ನೋವು ಬಂದರೂ ನೀವಾಗಿ ನಿಲ್ಲಿಸದೆ ಡಾಕ್ಟರಿಗೆ ಹೇಳಿ.

ಡಾಕ್ಟರ ಹತ್ತಿರ ಹೋಗುವ ಮುಂಚೆ ರಿಪೋರ್ಟಿನ ಹಿಂದೆ ನಾಲ್ಕು ವಿಷಯ ಬರೆದುಕೊಳ್ಳಿ: ಬಿಪಿ, ಶುಗರ್, ಬೀಡಿ-ಸಿಗರೇಟು, ಮನೆಯಲ್ಲಿ ಯಾರಿಗೆ ಯಾವ ವಯಸ್ಸಿಗೆ ಹಾರ್ಟ್ ಅಟ್ಯಾಕ್ ಆಗಿತ್ತು. ಎದುರುಮನೆ ಹುಡುಗನೂ ಗೇಟಿನ ಮೇಲೇ ಕಾಗದ ಇಟ್ಟು ಬರೆದ. ನಾಲ್ಕನೆಯದಕ್ಕೆ ಪೆನ್ನು ನಿಂತಿತು.

"ಅಪ್ಪಂಗೆ 51ಕ್ಕೇ ಆಗಿತ್ತು ಆಂಟಿ."

ಅದನ್ನ ಎಲ್ಲಕ್ಕಿಂತ ಮೇಲೆ ಬರಿ ಅಂದೆ.