ಹಂಚಿನ ಮನೆಗೆ ಮೊದಲು ನೀರಿನ ಲೆಕ್ಕ

ಸಕಲೇಶಪುರ, ಮೂಡಿಗೆರೆ ಕಡೆ ಹಳೇ ತೊಟ್ಟಿ ಮನೆ ರಿಪೇರಿಗೆ ಕೈಹಾಕುವವರು ಸಾಮಾನ್ಯವಾಗಿ ನೆಲದಿಂದಲೋ ಬಣ್ಣದಿಂದಲೋ ಶುರು ಮಾಡುತ್ತಾರೆ. ನಾವು ಮಾಡಿನಿಂದ, ಅಂದರೆ ಹಂಚಿನ ಚಾವಣಿಯಿಂದ ಶುರು ಮಾಡಿದೆವು. ಆಮೇಲೆ ಸೂರಿನ ನೀರು ಹೋಗುವ ಚರಂಡಿ, ಅದಾದ ಮೇಲೆ ಗೋಡೆ, ನೆಲ, ಕಡೆಗೆ ಬಣ್ಣ. ಕಡೂರು, ಅರಸೀಕೆರೆಯ ಬಯಲಲ್ಲಿ ಈ ಕ್ರಮ ಹಿಂದುಮುಂದಾದರೂ ನಡೆದೀತು, ಮಲೆನಾಡಿನ ಮಳೆಗೆ ನಡೆಯುವುದಿಲ್ಲ.

ಹಂಚು ಇಳಿಸಲು ಜನವರಿಯಿಂದ ಏಪ್ರಿಲ್ ಒಳಗಿನ ಕಾಲ ಸರಿ. ಆದರೆ ಕಾಫಿ ಕೊಯ್ಲೂ ಆಗಲೇ ಇರುವುದರಿಂದ ಆಳು ಸಿಗುವುದು ಕಷ್ಟ. ಮೇಸ್ತ್ರಿಗೆ ದೀಪಾವಳಿ ಹೊತ್ತಿಗೇ ಮಾತು ಕೊಟ್ಟು ಮುಂಗಡ ಮುಟ್ಟಿಸಿರಬೇಕು. ಮಾರ್ಚ್‌ನಿಂದಾಚೆ ಕಾಫಿ ಹೂ ಅರಳಿಸುವ ಹೂಮಳೆ ಯಾವ ಸಂಜೆ ಬೇಕಾದರೂ ಹೊಡೆಯಬಹುದು. ತೋಟಕ್ಕೆ ಬೇಕಾದ ಆ ಮಳೆ, ಬಿಚ್ಚಿಟ್ಟ ಮಾಡಿನ ಕೆಳಗಿನ ಮಣ್ಣಿನ ಗೋಡೆಗೆ ಬೇಡ. ಹಾಗಾಗಿ ಇಡೀ ಮಾಡನ್ನು ಒಟ್ಟಿಗೆ ಬಿಚ್ಚದೆ ಒಂದೊಂದೇ ಅಂಕಣ (ಎರಡು ಕಂಬ ಅಥವಾ ಗೋಡೆಗಳ ನಡುವಿನ ಭಾಗ) ಬಿಚ್ಚಿ, ಮುಗಿಸಿ, ಹಂಚು ಹೊದಿಸಿ ಮುಂದಕ್ಕೆ ಹೋದೆವು. ಟಾರ್ಪಾಲು ಎರಡು ಅಂಕಣಕ್ಕೆ ಆಗುವಷ್ಟು ಕೈಗೆ ಸಿಗುವಂತೆ ಇತ್ತು.

ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಎಷ್ಟೋ ಕಂಪನಿಗಳು ಹುಟ್ಟಿದವು. ಒಬ್ಬರ ಅಚ್ಚಿನ ಹಂಚು ಇನ್ನೊಬ್ಬರದರ ಜೊತೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ನೋಡಲು ಒಂದೇ ಥರ, ಕೂರಿಸಿದಾಗ ಕಾಲಿಂಚು ಸಂದು. ಗಾಳಿ ಮಳೆಗೆ ನೀರು ಒಳನುಗ್ಗುವುದು ಅಲ್ಲಿಂದಲೇ. ಹಂಚಿನ ಬೆನ್ನ ಮೇಲೆ ಕಂಪನಿ ಹೆಸರು ಅಚ್ಚಾಗಿರುತ್ತದೆ. ಕಡಿಮೆ ಬಿದ್ದ ಹಂಚಿಗೆ ಅದೇ ಹೆಸರಿನ ಹಳೇ ಸರಕನ್ನು ಕೆಡವುತ್ತಿರುವ ಮನೆಗಳಲ್ಲಿ ಹುಡುಕಬೇಕು. ಸಿಗದಿದ್ದರೆ ಹೊಸದನ್ನು ಹಳೆಯದರ ನಡುವೆ ಬೆರೆಸಬೇಡಿ, ಹಿಂಬದಿಯ ಒಂದು ಇಳಿಜಾರಿಗೆ ಪೂರ್ತಿ ಹೊಸ ಹಂಚೇ ಹಾಕಿ, ಅಲ್ಲಿಂದ ಇಳಿದ ಹಳೆಯದನ್ನು ಮುಂಬದಿಗೆ ಬಳಸಿ. ನೂರು ಚದರಡಿಗೆ ಒಡೆಯುವುದೂ ಸೇರಿ ಸುಮಾರು 150 ಹಂಚು ಬೇಕು. ಇಳಿಸಿದ ಪ್ರತಿ ಹಂಚನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಬೇಕು. ಠಣ್ ಎಂದರೆ ಮೇಲಕ್ಕೆ, ಡಬ್ ಎಂದರೆ ಕೂದಲೆಳೆ ಬಿರುಕಿದೆ ಎಂದರ್ಥ, ಅಂಗಳಕ್ಕೆ. ಪಾಚಿಯನ್ನು ನೆನೆಸಿ ನಾರಿನ ಬ್ರಷ್ಷಿನಲ್ಲಿ ಉಜ್ಜಿದರೆ ಸಾಕು. ಆಸಿಡ್ ಹಾಕಿದರೆ ಮೇಲಿನ ಪದರ ಹೋಗಿ ಹಂಚು ಇನ್ನಷ್ಟು ನೀರು ಕುಡಿಯುತ್ತದೆ.

ಪಕಾಸಿ, ಅಂದರೆ ಮಾಡಿನ ಇಳಿಜಾರಿನ ತೊಲೆ, ಹಾಳಾಗುವುದು ಹೆಚ್ಚಾಗಿ ಎರಡೇ ಕಡೆ: ಗೋಡೆಯ ಮೇಲೆ ಕೂರುವ ಜಾಗ ಮತ್ತು ಸೂರಿನ ತುದಿ. ಕಣ್ಣಿಗೆ ಚೆನ್ನಾಗಿಯೇ ಕಂಡರೂ ಸ್ಕ್ರೂಡ್ರೈವರ್ ಚುಚ್ಚಿದರೆ ಅರ್ಧ ಇಂಚು ಒಳಗೆ ಇಳಿಯುತ್ತದೆ. ಅಷ್ಟಕ್ಕೇ ಇಡೀ ಪಕಾಸಿ ಬದಲಿಸಬೇಕೆನ್ನುವ ಬಡಗಿಯ ಮಾತನ್ನು ಕೂಡಲೇ ಒಪ್ಪಬೇಡಿ. ಹಳೇ ಮತ್ತಿ, ಹೊನ್ನೆ ಮರದಂಥದ್ದು ಈಗ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಕೆಟ್ಟ ಭಾಗಕ್ಕಿಂತ ಅರ್ಧ ಅಡಿ ಒಳಗಿನವರೆಗೂ ಕತ್ತರಿಸಿ, ಹಳೆಯದನ್ನೂ ಹೊಸ ತುಂಡನ್ನೂ ಅರ್ಧರ್ಧ ಕೊರೆದು ಒಂದರ ಮೇಲೊಂದು ಕೂರಿಸಿ, ಎರಡು ಬೋಲ್ಟ್ ಬಿಗಿಸಿದೆವು. ಕೂಡುವ ಉದ್ದ ಮರದ ದಪ್ಪದ ನಾಲ್ಕು ಪಟ್ಟಿಗಿಂತ ಕಡಿಮೆ ಇರಬಾರದು. ಆ ಜೋಡಣೆ ಗೋಡೆಯ ಹತ್ತಿರವೇ ಬರಲಿ, ಅಂಕಣದ ನಡುಮಧ್ಯೆ ಬಂದರೆ ಬಾಗುತ್ತದೆ.

ಪಕಾಸಿಯ ಮೇಲೆ ಅಡ್ಡಕ್ಕೆ ಹೊಡೆದು ಹಂಚು ಕೂರಿಸುವ ಪಟ್ಟಿಯೇ ರೀಪು. ಅದರ ಅಂತರವನ್ನು ಟೇಪಿನಲ್ಲಲ್ಲ, ಹಂಚಿನಲ್ಲೇ ಅಳೆಯಬೇಕು. ಹನ್ನೆರಡು ಹಂಚನ್ನು ನೆಲದ ಮೇಲೆ ಒಂದಕ್ಕೊಂದು ಕಚ್ಚಿಸಿ, ಆದಷ್ಟು ಎಳೆದು ಒಮ್ಮೆ, ಆದಷ್ಟು ಒತ್ತಿ ಒಮ್ಮೆ ಅಳತೆ ತೆಗೆದು ಅವೆರಡರ ನಡುವಿನದನ್ನು ಹಿಡಿಯಿರಿ. ಹನ್ನೆರಡೂವರೆಯಿಂದ ಹದಿಮೂರು ಇಂಚಿನ ಆಸುಪಾಸಿಗೆ ಬರುತ್ತದೆ. ನೆತ್ತಿಯ ಹಂಚಿಗೆ ಬರೀ ಸಿಮೆಂಟು ಗಾರೆ ಹಾಕಿದರೆ ಬಿಸಿಲಿಗೆ ಬಿರಿಯುತ್ತದೆ. 1 ಸಿಮೆಂಟು, 1 ಸುಣ್ಣ, 6 ಮರಳು ಬಿಗಿಯಾಗಿಯೂ ಇರುತ್ತದೆ, ಬಿರುಕೂ ಕಡಿಮೆ. ತೊಟ್ಟಿಯ ನಾಲ್ಕೂ ಒಳಮೂಲೆಗಳು ಇಡೀ ಮನೆಯ ನೀರನ್ನು ಹೊರುತ್ತವೆ. ಅಲ್ಲಿ ಎರಡಡಿ ಅಗಲದ ತಗಡು, ಎರಡೂ ಪಕ್ಕ ಹಂಚಿನಡಿಗೆ ಆರಾರು ಇಂಚು ತೂರಿರಬೇಕು. ತಗಡಿನ ಬದಲು ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಚೆಂದವೇ, ಆದರೆ ಬೇಗ ಬದಲಿಸುತ್ತಿರಬೇಕು.

ರೀಪು, ಪಕಾಸಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದರೆ ಒರಲೆ, ಕುಟ್ಟೆ ಹುಳು ಎರಡಕ್ಕೂ ತಡೆ. ಕೈಗೆ ತಗುಲಿದರೆ ಬೊಬ್ಬೆ ಏಳುತ್ತದೆ, ರಬ್ಬರ್ ಗ್ಲೌಸ್ ಬೇಕೇ ಬೇಕು. ಒಣಗಲು ದಿನಗಟ್ಟಲೆ ಬೇಕು, ಮರ ಕಪ್ಪಾಗುತ್ತದೆ. ಕಣ್ಣಿಗೆ ಬೀಳುವ ಕಂಬ, ಬಾಗಿಲಿಗೆ ಅಗಸೆ ಎಣ್ಣೆ ಮತ್ತು ಟರ್ಪೆಂಟೈನ್ ಸಮಪಾಲು. ನೆಲದ ಒರಲೆಗೆ ಕ್ಲೋರ್‌ಪೈರಿಫಾಸ್ 20 ಇಸಿ ಎಂಬ ಕೀಟನಾಶಕ, ಒಂದು ಲೀಟರಿಗೆ 19 ಲೀಟರು ನೀರು. ಗೋಡೆಯ ಬುಡದಲ್ಲಿ ಅಡಿಗೊಂದು ತೂತು, ತೂತಿಗೆ ಒಂದು ಲೀಟರು. ಬಾವಿ ಮನೆಗೆ ಅಂಟಿಕೊಂಡೇ ಇದ್ದರೆ ಆ ಕಡೆಗೆ ಇದನ್ನು ಸುತರಾಂ ಹಾಕಬಾರದು.

ಮಣ್ಣಿನ ಗೋಡೆಗೆ ಸಿಮೆಂಟು ಗಿಲಾವು ಮಾಡಿಸುವುದು ಈ ಸೀಮೆಯ ದೊಡ್ಡ ಪಿಡುಗು. ಬುಡದಿಂದ ಏರಿದ ತೇವ ಹೊರಗೆ ಆರಲು ದಾರಿ ಸಿಗದೆ ಗಿಲಾವಿನ ಹಿಂದೆಯೇ ನಿಲ್ಲುತ್ತದೆ, ಮಣ್ಣು ಮೆತ್ತಗಾಗುತ್ತದೆ, ಒಂದೆರಡು ಮಳೆಗಾಲದಲ್ಲಿ ಗಿಲಾವು ಹಾಳೆ ಹಾಳೆಯಾಗಿ ಕಳಚುತ್ತದೆ. ಮೇಲೆ ವಾಟರ್‌ಪ್ರೂಫ್ ಬಣ್ಣವೂ ಬಿದ್ದರೆ ಕೇಳುವುದೇ ಬೇಡ. ನಾವು ಹಳೇ ಸಿಮೆಂಟನ್ನೆಲ್ಲ ಕೆತ್ತಿಸಿ, ಗೋಡೆಯನ್ನು ಒಂದು ಬೇಸಿಗೆ ಹಾಗೇ ಆರಲು ಬಿಟ್ಟೆವು. ನೆನೆಹಾಕಿ ಮೂರು ವಾರ ಮಾಗಿದ ಸುಣ್ಣ 1, ಜರಡಿ ಹಿಡಿದ ಮರಳು 3, ಒಂದು ಸಲಕ್ಕೆ ಅರ್ಧ ಇಂಚು ಮೀರದಂತೆ ಎರಡು ಪದರ. ಸೂರಿನ ನೀರು ಸಿಡಿಯುವ ಕೆಳಗಿನ ಮೂರಡಿಗೆ ಮರಳಿನ ಮೂರನೇ ಒಂದು ಪಾಲಿನಷ್ಟು ಸುರ್ಕಿ (ಸುಟ್ಟ ಇಟ್ಟಿಗೆಯ ಪುಡಿ) ಬೆರೆಸಿದರೆ ತೇವದಲ್ಲೂ ಗಟ್ಟಿಯಾಗುತ್ತದೆ. ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕುವ ಪದ್ಧತಿ ಗೊತ್ತಿರುವ ಮೇಸ್ತ್ರಿ ಸಿಕ್ಕರೆ ಅವರ ಅಳತೆಗೇ ಬಿಡಿ. ಸುಣ್ಣದ ಗಾರೆ ಬೇಗ ಒಣಗಿದರೆ ಪುಡಿಯಾಗುತ್ತದೆ, ಒದ್ದೆ ಗೋಣಿ ತಟ್ಟು ಇಳಿಬಿಟ್ಟು ವಾರವಾದರೂ ನೋಡಿಕೊಳ್ಳಬೇಕು. ಮೇಲೆ ಹಾಲಿನಷ್ಟು ತೆಳುವಾದ ಸುಣ್ಣ, ಮೂರು ಕೈ. ದಪ್ಪಗೆ ಒಂದೇ ಕೈ ಬಳಿದರೆ ಉದುರುತ್ತದೆ.

ಹಳೇ ಕಾವಿ ನೆಲಕ್ಕೆ (ಕೆಂಪು ಬಣ್ಣದ ಗಾರೆ ನೆಲಕ್ಕೆ) ತೇಪೆ ಹಾಕಿದರೆ ಬಣ್ಣ ಎಂದೂ ಕೂಡುವುದಿಲ್ಲ. ಕೆಟ್ಟ ಕೋಣೆಯನ್ನು ಪೂರ್ತಿ ಹೊಸದಾಗಿ ಮಾಡಿಸಿ, ಚೆನ್ನಾಗಿರುವುದನ್ನು ಮುಟ್ಟಬೇಡಿ. ಸಿಮೆಂಟು 1, ಮರಳು 3ರ ಗಾರೆ ಮುಕ್ಕಾಲಿಂಚು, ಅದು ಇನ್ನೂ ಹಸಿಯಿರುವಾಗಲೇ ಮೇಲೆ ಬಣ್ಣದ ಪದರ. 50 ಕೆಜಿ ಸಿಮೆಂಟಿಗೆ ನಾಲ್ಕರಿಂದ ಐದು ಕೆಜಿ ರೆಡ್ ಆಕ್ಸೈಡ್. ಅದಕ್ಕಿಂತ ಹೆಚ್ಚಾದರೆ ಮೇಲ್ಮೈ ಬಲ ಕಳೆದುಕೊಂಡು ಒರೆಸಿದ ಬಟ್ಟೆಗೆಲ್ಲ ಕೆಂಪು ಹತ್ತುತ್ತದೆ. ಒಂದು ಕೋಣೆಗೆ ಬೇಕಾದಷ್ಟನ್ನೂ ಒಣಗಿದ್ದಾಗಲೇ ಒಟ್ಟಿಗೆ ಬೆರೆಸಿ ಜರಡಿ ಹಿಡಿದಿಟ್ಟುಕೊಳ್ಳಬೇಕು. ಎರಡು ಸಲ ಬೆರೆಸಿದರೆ ಎರಡು ಬಣ್ಣ. ಕರಣೆ ಎಳೆಯುವ ಕೈಯೂ ಒಂದೇ ಇರಲಿ. ನಾಲ್ಕಡಿಗೊಂದು ಗಾಜಿನ ಪಟ್ಟಿ ಕೂರಿಸಿದರೆ ಬಿರುಕು ಆ ಗೆರೆಯಲ್ಲೇ ಅಡಗುತ್ತದೆ. ಮಾರನೇ ದಿನದಿಂದ ಅಂಚಿಗೆ ಮಣ್ಣಿನ ಕಟ್ಟೆ ಕಟ್ಟಿ ಹತ್ತು ದಿನ ನೀರು ನಿಲ್ಲಿಸಬೇಕು. ಆಮೇಲೆ ಬಿಳಿ ಉಪ್ಪು ಎದ್ದರೆ ಮೇಸ್ತ್ರಿಯನ್ನು ಬೈದು ಫಲವಿಲ್ಲ, ಅಡಿಯಿಂದ ತೇವ ಬರುತ್ತಿದೆ, ಹೊರಗಿನ ಚರಂಡಿಯನ್ನು ಇನ್ನಷ್ಟು ಆಳ ಮಾಡಿಸಿ. ತೆಂಗಿನೆಣ್ಣೆ ತಿಕ್ಕಿದರೆ ಮೊದಲು ಹೊಳೆಯುತ್ತದೆ, ಆಮೇಲೆ ಧೂಳು ಹಿಡಿದು ಕಪ್ಪಾಗುತ್ತದೆ. ಮೇಣವೇ ವಾಸಿ.

ಕಂಬಗಳ ಮೇಲಿನ ಹಳೇ ಆಯಿಲ್ ಪೇಂಟನ್ನು ಒಣಗಿದ್ದಾಗ ಉಜ್ಜಬೇಡಿ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಪಾಲು) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಪುಡಿ ಮಕ್ಕಳಿರುವ ಮನೆಯಲ್ಲಿ ಹಾರಾಡಬಾರದು. ಒದ್ದೆ ಮಾಡಿ ಹೆರೆದು, ಚೂರನ್ನು ಚೀಲಕ್ಕೆ ತುಂಬಿಸಿ.

ವೈರಿಂಗಿಗೆ ಮಣ್ಣಿನ ಗೋಡೆಯಲ್ಲಿ ಪೈಪು ಹೂಳುವ ಗಾಡಿ (ತೋಡು) ಕೊರೆಸಲಿಲ್ಲ, ಕಬ್ಬಿಣದ ಪೈಪನ್ನು ಅಟ್ಟದ ಮೇಲೆ ಹಾಯಿಸಿ ಬಾಗಿಲ ಚೌಕಟ್ಟಿನ ಪಕ್ಕ ಇಳಿಸಿದೆವು. ಪ್ಲಾಸ್ಟಿಕ್ ಪೈಪನ್ನು ಅಟ್ಟದ ಇಲಿಗಳು ಬಿಡುವುದಿಲ್ಲ. ಮೆಯಿನ್ ಬೋರ್ಡಿಗೆ ಕರೆಂಟು ಸೋರಿದರೆ ತಾನೇ ಕಡಿತಗೊಳಿಸುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ಚು ಇರಲಿ, ಅರ್ತಿಂಗ್ ಹೊಸದಾಗಿಯೇ ಮಾಡಿಸಿ.